ಬೀರು ಖಾಲಿ ಮಾಡುವ ಕೆಲಸ

ಜನವರಿ 8, ಸೋಮವಾರ

ಅದೆಲ್ಫಾ ಹೊರಟುಹೋದಳು. ಇದು ಆರನೆಯ ಸಲ.

ವ್ಯಾನು ಏಳು ಗಂಟೆಗೆ ಬರಬೇಕಿತ್ತು, ಆರೂಕಾಲಿಗೇ ಬಂದು ಹಾರ್ನ್ ಹೊಡೆಯಿತು. ಈ ದೇಶದಲ್ಲಿ ಹೊತ್ತಿಗೆ ಮುಂಚೆ ಬರುವ ವಾಹನ ಒಂದೇ, ಹೆಂಡತಿಯನ್ನು ಕರೆದೊಯ್ಯುವ ವಾಹನ. ಮೂವರೂ ಬೆಳ್ಳುಳ್ಳಿ ಅನ್ನ, ಮೊಟ್ಟೆ ತಿನ್ನುತ್ತಿದ್ದೆವು. ಅವಳು ಅರ್ಧಕ್ಕೇ ಎದ್ದಳು. ಊಟದ ನಡುವೆ ಒಬ್ಬರು ಪ್ರಯಾಣಕ್ಕೆ ಎದ್ದರೆ ಉಳಿದವರು ತಟ್ಟೆಯನ್ನು ಒಂದು ಸುತ್ತು ತಿರುಗಿಸಬೇಕು, ಇಲ್ಲದಿದ್ದರೆ ಹೋದವರಿಗೆ ದಾರಿಯಲ್ಲಿ ಕೇಡಂತೆ. ಮಗಳು ಎಲ್ಡೆಲ್ ಕೂಡಲೇ ತಿರುಗಿಸಿದಳು. ನಾನು ಪುರಸಭೆಯ ಗ್ರಂಥಪಾಲಕ, ಇಂಥದ್ದನ್ನೆಲ್ಲ ನಂಬುವವನಲ್ಲ. ವ್ಯಾನು ತಿರುವು ದಾಟಿದ ಮೇಲೆ ಎರಡು ಸುತ್ತು ತಿರುಗಿಸಿದೆ.

ಹೊರದೇಶಕ್ಕೆ ದುಡಿಯಲು ಹೋಗುವವರಿಗೆಂದು ವಿಮಾನ ನಿಲ್ದಾಣದ ಬಾಗಿಲಲ್ಲಿ ಕಟ್ಟಿದ ‘ನಮ್ಮ ಹೊಸ ವೀರರಿಗೆ ವಂದನೆ’ ಎಂಬ ಬಟ್ಟೆ ಈಗಲೂ ಇದೆಯಂತೆ. 2007ರಲ್ಲಿ ಅವಳು ಮೊದಲ ಸಲ ಹೋದಾಗಲೂ ಇತ್ತು. ಆಗ ಅಕ್ಷರ ಕೆಂಪಗಿದ್ದವು, ಈಗ ಗುಲಾಬಿಗೆ ಇಳಿದಿವೆಯಂತೆ. ವೀರರು ಎಂದ ಮೇಲೆ ಯುದ್ಧ ಎಲ್ಲಿ ನಡೆಯುತ್ತಿದೆ, ಅದನ್ನು ಹೂಡಿದವರು ಯಾರು ಎಂದೂ ಹೇಳಬೇಕಲ್ಲ. ನನ್ನ ಹೆಂಡತಿ ಹಾಂಗ್‌ಕಾಂಗಿನಲ್ಲಿ ಹನ್ನೆರಡನೆಯ ಮಹಡಿಯ ಮೇಲೆ ಒಬ್ಬ ಮುದುಕಿಗೆ ಸ್ನಾನ ಮಾಡಿಸಿ, ಗಂಜಿ ಕುಡಿಸಿ, ಕಾಲು ಚಾಚಿದರೆ ಗೋಡೆ ತಾಗುವ ಕೋಣೆಯಲ್ಲಿ ಮಲಗುತ್ತಾಳೆ. ವೀರವನಿತೆ ಬೇಡ, ಮನೆಯಲ್ಲಿ ಇದ್ದರೆ ಸಾಕು ಎಂದು ಅರ್ಜಿ ಹಾಕಲು ಯಾವ ಕಚೇರಿಯಲ್ಲೂ ನಮೂನೆ ಸಿಗುವುದಿಲ್ಲ.

ಜನವರಿ 9, ಮಂಗಳವಾರ

ಶನಿವಾರದ ಸಂಗತಿ ಬರೆಯದೆ ತಪ್ಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ.

ಪಾದ್ರಿಗಳು ಅವಳನ್ನು ಹರಸಲು ಬಂದಿದ್ದರು. ಅವರಿಗೆ ಶರಬತ್ತು ಕೊಡಲು ಒಳ್ಳೆಯ ಲೋಟ ಬೇಕೆಂದು ಅವಳು ನನ್ನ ಮೇಜಿನಿಂದ ಬೀಗದ ಕೈ ತೆಗೆದುಕೊಂಡು ಹಾಲ್‌ನಲ್ಲಿದ್ದ ಗಾಜಿನ ಬೀರು ತೆರೆದಳು. ಪಾದ್ರಿಗಳು ಶರಬತ್ತಿಲ್ಲದೆ ಎದ್ದುಹೋದರು. ನಾನು ಅವರನ್ನು ಗೇಟಿನವರೆಗೆ ಕಳಿಸಿ ಬರುವಷ್ಟರಲ್ಲಿ ಅವಳು ನೆಲದ ಮೇಲೆ ಕೂತು, ಹನ್ನೊಂದು ವರ್ಷ ಹಡಗಿನ ಪೆಟ್ಟಿಗೆಗಳಲ್ಲಿ ತಾನು ಕಳಿಸಿದ್ದನ್ನೆಲ್ಲ ಸುತ್ತ ಹರಡಿಕೊಂಡಿದ್ದಳು. ಸೋಪು, ಟವೆಲು, ಚಾಕೊಲೇಟು, ಡಬ್ಬಿ ಮಾಂಸ, ಅತ್ತರು, ಹಾಸಿಗೆ ಹೊದಿಕೆ, ಹನ್ನೆರಡು ಗಾಜಿನ ಲೋಟ. ಯಾವುದರ ಮುಚ್ಚಳವೂ ತೆರೆದಿರಲಿಲ್ಲ.

ಈ ಕಾಫಿ ಕಳಿಸಿದ್ದು ಯಾವಾಗ ಎಂದು ಕೇಳಿದಳು. 2009ರ ಆಗಸ್ಟ್ ಎಂದೆ. ನನಗೆ ತಾರೀಖು ಮರೆಯುವುದಿಲ್ಲ. ಅವತ್ತು ಮರೆತಿದ್ದರೆ ಒಳ್ಳೆಯದಿತ್ತು. ಮತ್ತೆ ಯಾಕೆ ಕುಡಿಯಲಿಲ್ಲ ಎಂದಳು. ಕುಡಿದರೆ ಮುಗಿದುಹೋಗುತ್ತಲ್ಲ ಎಂದೆ. ಈ ಊರಿನಲ್ಲಿ ಯಾವ ಮನೆಗೆ ಹೋದರೂ ಇದೇ ಉತ್ತರ ಸಿಗುತ್ತದೆ, ಇಂಥದೇ ಬೀರೂ ಇರುತ್ತದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು.

“ನೆಲ ಒರೆಸಿ ಕಳಿಸಿದ್ದು ಕಣೋ ಎಲ್ಪಿ ಇದನ್ನೆಲ್ಲ. ನೀನು ನೋಡೋಕೆ ಇಟ್ಕೊಂಡಿದ್ದೀಯ. ಈ ಮನೆಗೆ ಇದ್ಯಾವುದೂ ಬೇಕೇ ಇರಲಿಲ್ಲ ಅಂದ್ರೆ ನಾನಲ್ಲಿ ಏನ್ ಮಾಡ್ತಿದ್ದೀನಿ?”

ಆಮೇಲೆ ಎಲ್ಲವನ್ನೂ ಒಂದೊಂದಾಗಿ ಮತ್ತೆ ಒಳಗಿಟ್ಟು, ಬೀಗದ ಕೈಯನ್ನು ನನ್ನ ಅಂಗೈಯಲ್ಲಿ ಒತ್ತಿದಳು. “ಡಿಸೆಂಬರ್‌ಗೆ ಒಪ್ಪಂದ ಮುಗಿಯತ್ತೆ. ಇನ್ನೆರಡು ವರ್ಷಕ್ಕೆ ಸಹಿ ಹಾಕ್ತೀಯಾ ಅಂತ ಅಕ್ಟೋಬರ್‌ನಲ್ಲಿ ಮೇಡಮ್ ಕೇಳ್ತಾರೆ. ಅಷ್ಟರಲ್ಲಿ ಈ ಬೀರು ಖಾಲಿ ಆಗಿರಬೇಕು. ಹಾಳಾಗಿರೋದನ್ನ ಬಿಸಾಡು, ಉಳಿದಿದ್ದನ್ನ ಬಳಸು. ಖಾಲಿ ಆದ್ರೆ ಸಹಿ ಹಾಕಲ್ಲ. ತುಂಬಿದ್ರೆ ನಾನು ಬಂದು ಎಲ್ಲಿ ಕೂರಲಿ, ಇದರೊಳಗಾ?”

ಹೀಗೆ ನನ್ನ ಸಂಸಾರದ ಭವಿಷ್ಯ ಒಂದು ಬೀರಿಗೆ ಬಂದು ನಿಂತಿದೆ.

ಜನವರಿ 14, ಭಾನುವಾರ

ಮೊದಲ ಸೋಪು ತೆಗೆದೆ. 2012ರದ್ದು, ಬಿಳಿಯದು, ಮೇಲೆ ಪಾರಿವಾಳದ ಚಿತ್ರ. ಸ್ನಾನ ಮಾಡಿ ಮೂಲೆಯಂಗಡಿಗೆ ವಿನೆಗರ್ ತರಲು ಹೋದರೆ, ಐವತ್ಮೂರು ವರ್ಷದ ನನ್ನನ್ನು ಇನ್ನೂ ತೋತೋ, ಅಂದರೆ ಪುಟ್ಟ ಎಂದೇ ಕರೆಯುವ ಅಂಗಡಿಯಾಕೆ ಮನಾಂಗ್ ಪುರಿಂಗ್, ಅಂದರೆ ಪುರಿಂಗ್ ಅಕ್ಕ, ಕಿಟಕಿಯ ಸರಳಿಗೆ ಮೂಗು ತಾಗಿಸಿ ಗಾಳಿ ಎಳೆದುಕೊಂಡಳು.

“ಏನ್ ತೋತೋ, ಹೆಂಡ್ತಿ ಹೋಗಿ ವಾರ ಆಗಿಲ್ಲ, ಹೋಟೆಲ್ ರೂಮಿನ ಥರ ಘಮ್ ಅಂತಿದ್ದೀಯ. ಯಾರದು?”

ಸೋಪಿನದು ಎಂದು ವಿನೆಗರ್ ತೆಗೆದುಕೊಂಡು ಬಂದೆ.

ಸಂಜೆ ಅದೆಲ್ಫಾ ಕರೆ ಮಾಡಿದಳು. ಭಾನುವಾರ ಅವಳಿಗೆ ರಜೆ. ಸೇತುವೆಯ ಕೆಳಗೆ ರಟ್ಟು ಹಾಸಿಕೊಂಡು, ನಮ್ಮ ಕಡೆಯ ಆರೇಳು ಹೆಂಗಸರ ಜೊತೆ ಅನ್ನ, ಒಣಮೀನು ಹರಡಿಕೊಂಡು ಕೂತಿರುತ್ತಾಳೆ. ಏನೇನು ತೆಗೆದೆ ಎಂದು ಕೇಳಿದಳು. ಒಂದು ಸೋಪು ಎಂದೆ. ಅವಳು ಅದನ್ನು ಗುಂಪಿಗೆಲ್ಲ ಹೇಳಿದಳು. ರಟ್ಟಿನ ಮೇಲಿದ್ದವರೆಲ್ಲ ನಕ್ಕಿದ್ದು ಕೇಳಿಸಿತು. ಈ ಲೆಕ್ಕದಲ್ಲಿ ತಾನು ಮನೆಗೆ ಬರುವುದು ಎಂಬತ್ತನೆಯ ವಯಸ್ಸಿಗಂತೆ.

ನಮ್ಮ ಬೀದಿಯ ತಿರುವಿನ ದೀಪ 2011ರ ಜುಲೈಯಿಂದ ಕೆಟ್ಟಿದೆ. ಅದರ ಬಗ್ಗೆ ಪುರಸಭೆಗೆ ನೂರ ನಲವತ್ತೊಂದನೆಯ ಪತ್ರ ಬರೆದೆ. ಮನಸ್ಸು ಸ್ವಲ್ಪ ಹಗುರಾಯಿತು.

ಜನವರಿ 27, ಶನಿವಾರ

ಎರಡನೆಯ ಸೋಪು. ಪತ್ರ 142.

ಫೆಬ್ರವರಿ 10, ಶನಿವಾರ

ಎಲ್ಡೆಲ್‌ಗೆ ಹದಿನೇಳು. ಅವಳು ಹುಟ್ಟಿದಾಗ ನನ್ನ ಹೆಸರಿನ ತಲೆ, ಅವಳಮ್ಮನ ಹೆಸರಿನ ನಡುವನ್ನು ಸೇರಿಸಿ ಹೆಸರಿಟ್ಟೆವು. ಈಗ ನೋಡಿದರೆ ಸ್ವಭಾವದಲ್ಲಿ ಪೂರ್ತಿ ಅವಳಮ್ಮನೇ ಬಂದಿದೆ. ಇವತ್ತು ಬೀರಿನ ಮುಂದೆ ಕುರ್ಚಿ ಹಾಕಿಕೊಂಡು ನ್ಯಾಯಾಧೀಶೆಯ ಹಾಗೆ ಕೂತಳು. ನಾನು ಒಂದೊಂದೇ ವಸ್ತುವನ್ನು ಎತ್ತಿ ಹಿಡಿಯಬೇಕು, ಅವಳು ತಾರೀಖು ಓದಿ ತೀರ್ಪು ಕೊಡಬೇಕು. ಚಾಕೊಲೇಟುಗಳಲ್ಲಿ ಒಂದೂ ಪಾರಾಗಲಿಲ್ಲ. ಕಾಫಿ ಬಾಟಲಿಯಲ್ಲೇ ಕಲ್ಲಾಗಿತ್ತು. ನಾನು ಮೇಲ್ಮನವಿ ಸಲ್ಲಿಸಿ, ಉಳಿಯಿಂದ ಒಂದು ಚೂರು ಕೆತ್ತಿ, ಬಿಸಿನೀರಲ್ಲಿ ಕದಡಿ ಕುಡಿದೆ. ಚೆನ್ನಾಗಿದೆ ಎಂದೆ. ಹೊಟ್ಟೆ ಒಪ್ಪಲಿಲ್ಲ.

ಕಸದ ಲಾರಿ ನಮ್ಮ ಬೀದಿಗೆ ಬರುತ್ತದೆಂದು 2010ರ ಚುನಾವಣೆಯಲ್ಲಿ ಮಾತು ಕೊಟ್ಟವರು ಆಮೇಲೆ ಎರಡು ಸಲ ಗೆದ್ದರು, ಲಾರಿ ಮಾತ್ರ ಇನ್ನೂ ಗೆದ್ದಿಲ್ಲ. ಆದ್ದರಿಂದ ಪಪ್ಪಾಯಿ ಗಿಡದ ಬುಡದಲ್ಲಿ ಗುಂಡಿ ತೋಡಿ ಚಾಕೊಲೇಟುಗಳನ್ನು ಹೂತೆ. ಬೇಲಿಯಾಚೆಯಿಂದ ಮನಾಂಗ್ ಪುರಿಂಗ್ ಇಣುಕಿ, ಏನು ಹೂಳುತ್ತಿದ್ದೀಯ ಎಂದಳು. ಹೇಳಿದೆ.

“ಈ ಬೀದೀಲಿ ಹನ್ನೊಂದು ವರ್ಷದಲ್ಲಿ ಎಷ್ಟು ಮಕ್ಕಳು ದೊಡ್ಡವರಾದ್ರು ತೋತೋ. ಇರುವೆಗಳ ಪುಣ್ಯ.”

ಸರಿಯಾದ ಉತ್ತರ ಹೊಳೆದದ್ದು ಅವಳು ಹೋದ ಮೇಲೆ. ಈಗ ಬರೆಯೋಣ ಎಂದರೆ ಅದು ಅಷ್ಟು ಸರಿಯಾದ ಉತ್ತರವೂ ಅಲ್ಲ.

ಮಾರ್ಚ್ 4, ಭಾನುವಾರ

ಟವೆಲುಗಳು. ಪ್ಲಾಸ್ಟಿಕ್ ಹರಿದ ಕೂಡಲೇ ಆ ವಾಸನೆ ಬಂತು, ಹೊಸ ಪೆಟ್ಟಿಗೆ ತೆರೆದಾಗ ಬರುವ ವಾಸನೆ. ಸೋಪು, ಹೊಸ ಬಟ್ಟೆ, ಕರ್ಪೂರದ ಗುಳಿಗೆ, ಹಡಗಿನ ಕಬ್ಬಿಣ ಎಲ್ಲ ಸೇರಿದ್ದು. ಪ್ರತಿ ಸಲ ಪೆಟ್ಟಿಗೆ ಬಂದಾಗಲೂ ಅರ್ಧ ದಿನ ಮನೆಯಲ್ಲಿ ಅದು ಇರುತ್ತಿತ್ತು. ಆಮೇಲೆ ನಾನು ಎಲ್ಲವನ್ನೂ ಬೀರಿಗೆ ಸೇರಿಸಿ ಬೀಗ ಹಾಕುತ್ತಿದ್ದೆ.

“ಪಾಪಾ, ಅದು ಮೈ ಒರೆಸೋ ಟವೆಲ್ಲು,” ಎಂದಳು ಎಲ್ಡೆಲ್.

ಧೂಳಿದೆಯೇನೋ ಎಂದು ಮೂಸಿ ನೋಡುತ್ತಿದ್ದೆ ಎಂದೆ. ನಮಗೆ ಎರಡು ಇಟ್ಟುಕೊಂಡು ಉಳಿದದ್ದನ್ನು ಹೆರಿಗೆ ಮನೆಗೆ ಕೊಟ್ಟುಬಂದೆ. ಅಲ್ಲಿ ಹಳೆಯ ಅಕ್ಕಿಚೀಲದಲ್ಲಿ ಕೂಸುಗಳನ್ನು ಸುತ್ತುತ್ತಿದ್ದರು. ಅದರ ಬಗ್ಗೆ ಪ್ರತ್ಯೇಕವಾಗಿ ಬರೆಯಬೇಕು.

ಏಪ್ರಿಲ್ 22, ಭಾನುವಾರ

ಬಹಳ ದಿನ ಬರೆಯಲಿಲ್ಲ. ಬೀರಿನ ಮೇಲಿನ ಎರಡು ಅಂಕಣ ಖಾಲಿ. ಕೆಳಗಿನದರಲ್ಲಿ ಡಬ್ಬಿ ಮಾಂಸ, ಹೊದಿಕೆ, ಅತ್ತರು, ಲೋಟಗಳು. ಇಲ್ಲಿ ಕೆಲಸ ನಿಂತಿದೆ. ಇಬ್ಬರು ಎಷ್ಟು ಡಬ್ಬಿ ತಿನ್ನಬಹುದು, ಹನ್ನೆರಡು ಲೋಟದಲ್ಲಿ ಎಷ್ಟು ಕುಡಿಯಬಹುದು?

ಇದನ್ನು ಮನಾಂಗ್ ಪುರಿಂಗ್‌ಗೆ ಹೇಳಿದ್ದು ನನ್ನ ತಪ್ಪು. ಮುಂದಿನ ತಿಂಗಳು ಸಾನ್ ಇಸಿದ್ರೋ ಹಬ್ಬ ಇದೆಯಲ್ಲ, ಗೇಟು ತೆಗಿ ಎಂದಳು. ಹಬ್ಬದ ದಿನ ಊರಿನ ಪ್ರತಿ ಮನೆಯೂ ತೆರೆದಿರುತ್ತದೆ, ಗುರುತಿಲ್ಲದವರೂ ಒಳಬಂದು ತಟ್ಟೆ ಹಿಡಿದು ಕೂರುತ್ತಾರೆ. ನಾನು ಮಾತ್ರ ಅವತ್ತು ಗೇಟಿಗೆ ಬೀಗ ಹಾಕಿ ಗ್ರಂಥಾಲಯಕ್ಕೆ ಹೋಗಿ ಪುಸ್ತಕಗಳ ಪಟ್ಟಿ ಪರಿಷ್ಕರಿಸುತ್ತೇನೆ. ಹನ್ನೊಂದು ವರ್ಷದ ಪದ್ಧತಿ. ನಾನೂರ ಹನ್ನೆರಡು ಪುಸ್ತಕಗಳ ಪಟ್ಟಿ ಅಷ್ಟು ಪರಿಷ್ಕೃತವಾಗಿ ಇನ್ನೆಲ್ಲೂ ಇರಲಾರದು.

“ಈ ಬೀದೀಲಿ ನಿಮ್ಮನೇಗೆ ಏನಂತಾರೆ ಗೊತ್ತಾ ತೋತೋ? ಬ್ಯಾಂಕು. ಒಳಗೆ ಎಲ್ಲಾ ಇದೆ, ನಮಗೆ ಕಾಣೋದು ಗೋಡೆ ಮಾತ್ರ.”

ನನಗೆ ಸಿಟ್ಟು ಬಂತು. ಮನೆಯಲ್ಲಿ ಅಡಿಗೆ ಮಾಡುವವಳು ಇಲ್ಲದಿದ್ದಾಗ ಹಬ್ಬ ಮಾಡುವುದು ಹೇಗೆ ಎಂದೆ. ನಿನಗೆ ಕೈ ಇಲ್ಲವಾ ಎಂದಳು. ಒಬ್ಬ ಗ್ರಂಥಪಾಲಕನಿಗೆ ಹೀಗೆಲ್ಲ ಕೇಳಬಾರದು.

ಮೇ 16, ಬುಧವಾರ

ನಿನ್ನೆ ಹಬ್ಬ. ಬರೆಯಲು ಕೂತಿದ್ದೇನೆ, ಕೈಯಿಂದ ಇನ್ನೂ ಈರುಳ್ಳಿ ವಾಸನೆ ಹೋಗಿಲ್ಲ.

ಬೆಳಿಗ್ಗೆ ಮನಾಂಗ್ ಪುರಿಂಗ್ ತನ್ನ ಚಾಕು, ಮಣೆ ಹಿಡಿದುಕೊಂಡು ಕರೆಯದೇ ಬಂದಳು. ಅವಳು ಕಲಿಸಿದ ಹಾಗೆ ನಾನು ಹಿಟ್ಟಿನ ಹಾಳೆಯಲ್ಲಿ ಕೊಚ್ಚಿದ ಮಾಂಸ ಮಡಚಿ ಕಡುಬು ಮಾಡಿ ಸಾರಿಗೆ ಬಿಟ್ಟೆ. ನನ್ನ ಮೊದಲ ಇಪ್ಪತ್ತು ಕಡುಬು ಬಾಯಿ ಬಿಟ್ಟವು. ಇವು ಪುರಸಭೆ ಸದಸ್ಯರು ಎಂದಳು ಎಲ್ಡೆಲ್. ಡಬ್ಬಿ ಮಾಂಸವನ್ನು ಆಲೂಗೆಡ್ಡೆಯ ಜೊತೆ ದೊಡ್ಡ ಬಾಣಲೆಯಲ್ಲಿ ಹುರಿದೆವು. ಅದರ ಅವಧಿ ಮುಂದಿನ ವರ್ಷದವರೆಗೂ ಇದೆ, ಎರಡು ಸಲ ನೋಡಿದ್ದೇನೆ.

ಹತ್ತು ಗಂಟೆಗೆ ಗೇಟು ತೆಗೆದೆ. ಹನ್ನೊಂದರವರೆಗೆ ಯಾರೂ ಬರಲಿಲ್ಲ. ಜನ ಬಂದು, ಗೇಟು ತೆರೆದಿರುವುದನ್ನು ನೋಡಿ, ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡು ಮೆಲ್ಲಗೆ ದಾಟಿಹೋದರಂತೆ. ಕೊನೆಗೆ ಎಲ್ಡೆಲ್ ಬೀದಿಗಿಳಿದು, ಇಲ್ಲಿ ಎಲ್ಲರೂ ಬದುಕಿದ್ದೇವೆ, ಊಟಕ್ಕೆ ಬನ್ನಿ ಎಂದು ಕರೆದಳು.

ಆಮೇಲೆ ಎಷ್ಟು ಜನ ಬಂದರೋ ಗೊತ್ತಿಲ್ಲ. ನನ್ನ ಕುರ್ಚಿಯಲ್ಲಿ ಯಾರೋ, ಮೆಟ್ಟಿಲ ಮೇಲೆ ಯಾರೋ, ಪಪ್ಪಾಯಿ ಗಿಡದಡಿಯ ಚಾಕೊಲೇಟಿನ ಸಮಾಧಿಯ ಮೇಲೂ ಯಾರೋ. ಮಾರುಕಟ್ಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಮನೋಂಗ್ ಇಸ್ಕೊ, ಅಂದರೆ ಇಸ್ಕೊ ಅಣ್ಣ, ಗಾಜಿನ ಲೋಟ ಹಿಡಿದು, ಇದು ಹಾಂಗ್‌ಕಾಂಗಿನದಾ ಎಂದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದವನು ಕೈಜಾರಿ ಬೀಳಿಸಿದ. ಎಲ್ಲರೂ ನನ್ನ ಮುಖ ನೋಡಿದರು. ಆ ಲೋಟಗಳು 2014ರ ಮಾರ್ಚ್ ಪೆಟ್ಟಿಗೆಯಲ್ಲಿ ಬಂದವು, ಒಂದೊಂದನ್ನೂ ಅವಳು ತನ್ನ ಹಳೆಯ ಬನಿಯನ್ನಿನಲ್ಲಿ ಸುತ್ತಿ ಕಳಿಸಿದ್ದಳು.

“ಇನ್ನೂ ಹನ್ನೊಂದಿದೆ ಮನೋಂಗ್,” ಎಂದೆ. “ಕುಡೀರಿ.”

ನನ್ನ ಬಾಯಿಂದ ಬಂದದ್ದು ಅದೇ. ಮನೋಂಗ್ ಇಸ್ಕೊ ಪಾಪ, ಈ ಋಣ ತೀರಿಸುತ್ತೇನೆ ಎಂದು ಹೋಗುವವರೆಗೆ ಏಳು ಸಲ ಹೇಳಿದ. ಊಟದ ಕೊನೆಗೆ ಮಾತು ಬೀದಿ ದೀಪಕ್ಕೆ ಬಂತು. ನಾನು 2011ರಿಂದ ಆರಂಭಿಸಿ ಪೂರ್ತಿ ಚರಿತ್ರೆ ಹೇಳಿದೆ. ಇಷ್ಟು ಜನ ಇಷ್ಟು ಹೊತ್ತು ನನ್ನ ಮಾತು ಕೇಳಿದ್ದು ಇದೇ ಮೊದಲು. ಅವರ ಬಾಯಿ ತುಂಬಿದ್ದೂ ಒಂದು ಕಾರಣ ಇರಬಹುದು.

ಸಂಜೆ ಎಲ್ಡೆಲ್ ಫೋನಿನಲ್ಲಿ ಅವಳಮ್ಮನಿಗೆ ಬೀರು ತೋರಿಸಿದಳು. ಮುದುಕಿಗೆ ಗಂಜಿ ಕುಡಿಸುವ ನಡುವೆ ಒಂದು ನಿಮಿಷ ಬಂದಿದ್ದಳು. ಕೈಯಲ್ಲಿ ಚಮಚ ಹಿಡಿದುಕೊಂಡೇ ನೋಡುತ್ತಿದ್ದಳು.

ಮೇ 25, ಶುಕ್ರವಾರ

ತಿರುವಿನ ದೀಪ ಉರಿಯುತ್ತಿದೆ. ಹಬ್ಬಕ್ಕೆ ಬಂದವರಲ್ಲಿ ಒಬ್ಬನ ಭಾಮೈದ ವಿದ್ಯುತ್ ಕಚೇರಿಯಲ್ಲಿ ಏಣಿ ಹತ್ತುವವನಂತೆ. ಬಂದ, ಹತ್ತಿದ, ಇಳಿದ. ಹನ್ನೆರಡು ನಿಮಿಷ. ಹಾಗಾದರೆ ನನ್ನ ನೂರ ನಲವತ್ತೇಳು ಪತ್ರಗಳ ಗತಿ ಏನು? ಯಾರನ್ನು ಕೇಳಬೇಕು?

ಜೂನ್ 19, ಮಂಗಳವಾರ

ಪೆಟ್ಟಿಗೆ ಬಂದಿದೆ.

ಎದೆಯೆತ್ತರದ್ದು. ಇಬ್ಬರು ಹೊತ್ತು ತಂದು ಹಾಲಿನ ನಡುವೆ ಇಟ್ಟುಹೋದರು. ಮೇಲೆ ದಪ್ಪ ಅಕ್ಷರದಲ್ಲಿ ಅವಳ ಕೈಬರಹ. ಬೀರಿನಲ್ಲಿ ಉಳಿದಿದ್ದು ಒಂದು ಹೊದಿಕೆ, ಒಂದು ಅತ್ತರಿನ ಸೀಸೆ, ಹನ್ನೊಂದು ಲೋಟ. ಆರು ತಿಂಗಳ ಕೆಲಸದ ಎದುರಿಗೆ ಈ ಪೆಟ್ಟಿಗೆ ಸೇನೆಯ ಹಾಗೆ ಬಂದು ನಿಂತಿದೆ. ಷರತ್ತು ಹಾಕಿದವಳೇ ಷರತ್ತು ಮುರಿದಿದ್ದಾಳೆ. ಒಪ್ಪಂದ ಮಾಡಿಕೊಂಡ ಮೇಲೂ ಹಡಗು ಕಳಿಸಿದ ರಾಜ್ಯಗಳ ಬಗ್ಗೆ ನಾನು ಸಾಕಷ್ಟು ಓದಿದ್ದೇನೆ. ನನ್ನ ಮನೆಯಲ್ಲೇ ನೋಡುತ್ತೇನೆ ಎಂದುಕೊಂಡಿರಲಿಲ್ಲ.

ತೆರೆದಿಲ್ಲ. ಭಾನುವಾರ ಬರಲಿ.

ಜೂನ್ 24, ಭಾನುವಾರ

ಮಾತುಗಳನ್ನೆಲ್ಲ ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೆ, ಒಂದರಿಂದ ಒಂಬತ್ತರವರೆಗೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳು ಅಂಗಡಿಯಲ್ಲಿ ರಿಯಾಯಿತಿ ಇತ್ತು ಎಂದಳು. ಆಮೇಲೆ, ಕೈ ತಾನಾಗಿ ಎತ್ತಿಕೊಂಡಿತು ಎಂದಳು. ಅವಳ ಹಿಂದೆ ಯಾರೋ ರಟ್ಟು ಮಡಚುತ್ತಿದ್ದರು.

“ಎಲ್ಪಿ, ಪೆಟ್ಟಿಗೆ ಕೋಣೆ ಮೂಲೇಲಿ ಇರತ್ತೆ. ದಿನಾ ಏನಾದ್ರೂ ಒಂದು ಅದರೊಳಗೆ ಹಾಕ್ತೀನಿ. ಅದಿಲ್ಲ ಅಂದ್ರೆ ಆ ಕೋಣೇಲಿ ನಾನೊಬ್ಬಳೇ.”

ಉಳಿದ ಆರು ಅಂಶಗಳು ಕಾಗದದಲ್ಲೇ ಉಳಿದವು.

ಜೂನ್ 25, ಸೋಮವಾರ

ಪೆಟ್ಟಿಗೆ ತೆರೆದು ಸಾಮಾನನ್ನು ಬೀರಿನ ಹತ್ತಿರವೂ ಸುಳಿಯಲು ಬಿಡಲಿಲ್ಲ. ಬಾಗಿಲಿಂದಲೇ ಹಂಚಿದೆವು. ಮನಾಂಗ್ ಪುರಿಂಗ್ ಒಂದು ಶಾಂಪೂ ಬಾಟಲಿ ಹಿಡಿದು, ಇದನ್ನು ಸಣ್ಣ ಪೊಟ್ಟಣ ಮಾಡಿ ಮಾರಲೇ ಎಂದಳು. ತಲೆಗೆ ಹಾಕಿಕೋ ಎಂದೆ.

ತಳದಲ್ಲಿ ಎಲ್ಡೆಲ್‌ಗೆ ಬಿಳಿ ಬೂಟು. ಅವಳ ಕಾಲಿಗೆ ಹಿಡಿಸಲಿಲ್ಲ, ಎರಡು ಬೆರಳಿನಷ್ಟು ಗಿಡ್ಡ. ಬೂಟಿನೊಳಗೆ ಮಡಚಿದ ಕಾಗದವೊಂದಿತ್ತು. ಬಿಡಿಸಿದರೆ ಪೆನ್ಸಿಲಿನಲ್ಲಿ ಸುತ್ತುಗೆರೆ ಎಳೆದ ಒಂದು ಪಾದ. ನನ್ನದೇ ಕೈಬರಹ: ಎಲ್ಡೆಲ್, ಎಡಗಾಲು, ಅಕ್ಟೋಬರ್ 2012. ಹೊರದೇಶದಲ್ಲಿರುವವರಿಗೆಲ್ಲ ನಾವು ಹೀಗೇ ಪಾದದ ಗೆರೆ ಎಳೆದು ಕಳಿಸುವುದು, ಅವರು ಅದನ್ನು ಅಂಗಡಿಗೆ ಒಯ್ದು ಬೂಟಿಗಿಟ್ಟು ನೋಡುವುದು. ಆರು ವರ್ಷ ಪರ್ಸಿನಲ್ಲಿ ಇದ್ದು ಕಾಗದದ ಮಡಿಕೆಗಳು ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ಡಿಸೆಂಬರಿನಲ್ಲಿ ಬಂದು ಮೂರು ವಾರ ಇದ್ದಾಗ ಮಗಳ ಕಾಲು ಅವಳ ಕಣ್ಣ ಮುಂದೆಯೇ ಇತ್ತು. ಆದರೂ ಅವಳು ನಂಬಿದ್ದು ಪರ್ಸಿನಲ್ಲಿದ್ದ ಕಾಲನ್ನು.

ಎಲ್ಡೆಲ್ ಮೊದಲು ನಕ್ಕಳು, ಆಮೇಲೆ ಕಾಗದ ಕೇಳಿ ತೆಗೆದುಕೊಂಡು ಹೋದಳು. ಬೂಟು ಮನಾಂಗ್ ಪುರಿಂಗಳ ಮೊಮ್ಮಗಳಿಗೆ ಸರಿಹೋಯಿತು.

ಜುಲೈ 21, ಶನಿವಾರ

ಶನಿವಾರ ಮಧ್ಯಾಹ್ನ ಐದಾರು ಜನ ನಮ್ಮ ಹಾಲಿಗೆ ಬಂದು ಕೂರುವುದು ರೂಢಿಯಾಗಿದೆ. ನಾನು ಹಳೆಯ ಪತ್ರಿಕೆಗಳಿಂದ ಓದುತ್ತೇನೆ, ಅವರು ಅದಕ್ಕೆ ಬಯ್ಯುತ್ತಾರೆ. ಯಾವಾಗ ಶುರುವಾಯಿತೋ ನೆನಪಿಲ್ಲ. ತಾರೀಖು ಬರೆದಿಟ್ಟುಕೊಂಡಿಲ್ಲ.

ಸೆಪ್ಟೆಂಬರ್ 2, ಭಾನುವಾರ

ಬೀರು ಖಾಲಿ. ಹೊದಿಕೆ ನನ್ನ ಹಾಸಿಗೆಯ ಮೇಲಿದೆ. ಅತ್ತರು ಎಲ್ಡೆಲ್ ಜೊತೆ ಕಾಲೇಜಿಗೆ ಸೇರಿತು. ಲೋಟಗಳು ದಿನಬಳಕೆಗೆ ಬಂದು ಒಂಬತ್ತಾಗಿವೆ. ಗಾಜು ಒರೆಸಿ ಫೋನು ಹಿಡಿದು ಅಂಕಣ ಅಂಕಣವಾಗಿ ತೋರಿಸಿದೆ, ವಕೀಲನ ಹಾಗೆ.

ಚೆನ್ನಾಗಿದೆ ಎಂದಳು, ಅಷ್ಟೆ. ಆಮೇಲೆ ಮೇಡಮ್ ಈಗಲೇ ಕೇಳಿದರು, ಮುದುಕಿ ಇವಳ ಕೈಯಿಂದಲ್ಲದೆ ಬೇರೆಯವರ ಕೈಯಲ್ಲಿ ಗಂಜಿ ಕುಡಿಯುವುದಿಲ್ಲ ಎಂದಳು. ನೀನು ಏನು ಹೇಳಿದೆ ಎಂದೆ. ನೋಡೋಣ ಎಂದಳು. ಅಲ್ಲಿ ಹೇಗಿರಬೇಕೆಂದು ತನಗೆ ಗೊತ್ತಂತೆ, ಇಲ್ಲಿ ಹೇಗಿರಬೇಕೋ ಮರೆತುಹೋಗಿದೆಯಂತೆ.

ಹಾಗಾದರೆ ಸಮಸ್ಯೆ ಬೀರು ಅಲ್ಲ.

ಸೆಪ್ಟೆಂಬರ್ 16, ಭಾನುವಾರ

ಅವಳು ಯಾಕೆ ಬರಲೇಬೇಕು ಎಂದು ಎಂಟು ಪುಟದ ಪತ್ರ ಬರೆದೆ. ಆಧಾರಗಳಿದ್ದವು, 2007ರಿಂದ ಕ್ರಮವಾಗಿ. ಓದಿ ನೋಡಿದರೆ ಪುರಸಭೆಗೆ ಬರೆದ ಹಾಗಿತ್ತು. ಹರಿದುಹಾಕಿದೆ.

ಸೆಪ್ಟೆಂಬರ್ 30, ಭಾನುವಾರ

ಈ ಸಲ ನಾವೇ ಅವಳಿಗೊಂದು ಪೆಟ್ಟಿಗೆ ಕಳಿಸೋಣ ಎಂದಳು ಎಲ್ಡೆಲ್. ಹನ್ನೊಂದು ವರ್ಷದಲ್ಲಿ ಪೆಟ್ಟಿಗೆಗಳು ಒಂದೇ ದಿಕ್ಕಿನಲ್ಲಿ ಬಂದಿವೆ. ಬೀದಿಗೆ ಸುದ್ದಿ ಹಬ್ಬಿತು. ಮನಾಂಗ್ ಪುರಿಂಗ್ ಒಣಮೀನು ಕೊಟ್ಟಳು, ಮೂರು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿದ್ದರೂ ಅದು ತನ್ನ ಇರವನ್ನು ಸಾರುತ್ತಿದೆ. ಒಣಮಾವು, ಸುರುಳಿ ಬಿಸ್ಕತ್ತು, ಎಲ್ಡೆಲ್ ಹೊಲಿದ ಒಂದು ಲಂಗ.

ನಾನು ಚಪ್ಪಲಿ ಕೊಡೋಣ ಎಂದು ಮಾರುಕಟ್ಟೆಗೆ ಹೋದೆ. ಮನೋಂಗ್ ಇಸ್ಕೊ ಅಳತೆ ಕೇಳಿದ.

ನನಗೆ ಗೊತ್ತಿರಲಿಲ್ಲ.

ದೀಪ ಕೆಟ್ಟ ತಿಂಗಳು ಗೊತ್ತು. ಕಸದ ಲಾರಿಯ ಭಾಷಣ ಮಾಡಿದವನ ಅಂಗಿಯ ಬಣ್ಣ ಗೊತ್ತು. ಮನೆಗೆ ಬಂದು ಹುಡುಕಿದೆ. ಎಲ್ಡೆಲ್ ಪಾದದ ಕಾಗದಗಳ ಪ್ರತಿ ಇವೆ, ನನ್ನದಿದೆ, ತೀರಿಹೋದ ನನ್ನ ಅತ್ತೆಯದೂ ಇದೆ. ಅದೆಲ್ಫಾಳ ಪಾದದ ಗೆರೆ ಈ ಮನೆಯಲ್ಲಿ ಇಲ್ಲ. ಯಾರೂ ಯಾವತ್ತೂ ಕೇಳಿಲ್ಲ.

ಅಕ್ಟೋಬರ್ 7, ಭಾನುವಾರ

ಕೇಳಿದೆ. ಸಹಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಒಂದು ಕಾಗದದ ಮೇಲೆ ಕಾಲಿಟ್ಟು ಗೆರೆ ಎಳೆದು ಕಳಿಸು, ಚಪ್ಪಲಿ ಕೊಳ್ಳಬೇಕು ಎಂದೆ. ಅವಳು ಯಾರಿಗೆ ಎಂದಳು. ನಿನಗೆ ಎಂದೆ. ಫೋನು ಕಟ್ಟಾಯಿತು ಎಂದುಕೊಂಡೆ, ಆಗಿರಲಿಲ್ಲ. ರಟ್ಟಿನ ಮೇಲಿದ್ದ ಬೇರೆ ಹೆಂಗಸೊಬ್ಬಳು ಫೋನು ತೆಗೆದುಕೊಂಡು, “ಮನೋಂಗ್, ಇವಳಿಗೆ ಏನ್ ಹೇಳಿದ್ರಿ? ಊಟ ಬಿಟ್ಟು ಕಾಲು ನೋಡ್ಕೊಂಡು ಕೂತಿದ್ದಾಳೆ,” ಎಂದಳು.

ಅಕ್ಟೋಬರ್ 14, ಭಾನುವಾರ

ಬೆಳಿಗ್ಗೆಯಿಂದ ಫೋನಿನ ಪಕ್ಕದಲ್ಲೇ ಇದ್ದೆ. ಮನಾಂಗ್ ಪುರಿಂಗ್ ನನಗೆ ಧೈರ್ಯ ಹೇಳಲು ಬಂದು, ತಾನೇ ಉಗುರು ಕಚ್ಚುತ್ತ ಕೂತಳು. ನಾಲ್ಕು ಗಂಟೆಗೆ ಕರೆ ಬಂತು. ಪಾದದ ಗೆರೆ ಎಳೆದೆಯಾ ಎಂದೆ. ಎಳೆದೆ, ನೋಡಿದೆ, ಹರಿದು ಹಾಕಿದೆ ಎಂದಳು.

“ಕಾಗದ ಕಳಿಸಲ್ಲ ಎಲ್ಪಿ. ಕಾಗದ ನಂಬಿ ನಾನು ಕೊಂಡ ಬೂಟು ನೋಡಿದ್ಯಲ್ಲ. ಕಾಲು ನಾನೇ ತರ್ತೀನಿ. ಇಸ್ಕೊ ಅಂಗಡೀಲೇ ಕೂತು ಹಾಕಿ ನೋಡ್ತೀನಿ. ಮೇಡಮ್‌ಗೆ ಹೇಳಿಬಿಟ್ಟೆ.”

ಮನಾಂಗ್ ಪುರಿಂಗ್ ಅತ್ತಳು. ನಾನು ಅತ್ತಿಲ್ಲ, ಒಣಮೀನಿನ ಘಾಟಿತ್ತು.

ಡಿಸೆಂಬರ್ 9, ಭಾನುವಾರ

ಸೇತುವೆಯ ಕೆಳಗೆ ಇವತ್ತು ಅವಳಿಗೆ ಕೊನೆಯ ಊಟ. ಫೋನನ್ನು ನಡುವೆ ನಿಲ್ಲಿಸಿದ್ದರು, ಎಲ್ಲ ಕಾಣುತ್ತಿತ್ತು. ನಾವು ಕಳಿಸಿದ ಒಣಮೀನು ತಟ್ಟೆ ತಟ್ಟೆಗೂ ಬಿದ್ದಿತ್ತು. ಒಂದು ತುಣುಕನ್ನೂ ನಾಳೆಗೆಂದು ಎತ್ತಿಟ್ಟಿರಲಿಲ್ಲ. ಮುದುಕಿಗೆ ಗಂಜಿ ಕುಡಿಸಲು ಹೊಸದಾಗಿ ಬಂದ ಹುಡುಗಿಗೆ ಎರಡು ವಾರದಿಂದ ಕಲಿಸುತ್ತಿದ್ದಾಳೆ. ನಿನ್ನೆ ಮುದುಕಿ ಆ ಹುಡುಗಿಯ ಕೈಯಿಂದ ಅರ್ಧ ಬಟ್ಟಲು ಕುಡಿದಳಂತೆ, ಉಳಿದರ್ಧಕ್ಕೆ ಇವಳ ಕಡೆ ನೋಡಿದಳಂತೆ. ಅದೆಲ್ಫಾ ಸಾಮಾನು ಕಟ್ಟಬೇಕು ಎಂದು ಎದ್ದಾಗ ಆರು ಹೆಂಗಸರೂ ತಮ್ಮ ಪ್ಲಾಸ್ಟಿಕ್ ತಟ್ಟೆಗಳನ್ನು ಒಂದು ಸುತ್ತು ತಿರುಗಿಸಿದರು. ನಾನೂ ಇಲ್ಲಿ ನನ್ನದನ್ನು ತಿರುಗಿಸಿದೆ. ಒಂದೇ ಸುತ್ತು.

ವಿಮಾನ ಸೋಮವಾರ, ಹದಿನೇಳನೆಯ ತಾರೀಖು. ಬೀರಿನ ಬಾಗಿಲು ಕಳಚಿಸಿದ್ದೇನೆ. ಅದರಲ್ಲಿ ಈಗ ಶನಿವಾರದವರು ಓದುವ ಪುಸ್ತಕಗಳಿವೆ. ಕೆಳಗಿನ ಅಂಕಣ ಮಾತ್ರ ಹಾಗೇ ಬಿಟ್ಟಿದ್ದೇನೆ, ಅವಳು ಏನಿಡುತ್ತಾಳೋ ಇಡಲಿ.

ಸೋಮವಾರ ಮಾರುಕಟ್ಟೆಗೆ ರಜೆ. 1998ರಲ್ಲಿ ಒಬ್ಬ ಮೇಯರ್ ಮಾಡಿದ ನಿಯಮ, ಅ‌ದಕ್ಕೆ ಇವತ್ತಿಗೂ ಯಾರೂ ಕಾರಣ ಕೊಟ್ಟಿಲ್ಲ. ಖಾರವಾಗಿ ಒಂದು ಪತ್ರ ಬರೆಯಬೇಕೆಂದು ಕೂತೆ. ಎಷ್ಟನೆಯದೆಂದು ಮರೆತುಹೋಗಿತ್ತು. ಎದ್ದು ಮನೋಂಗ್ ಇಸ್ಕೊನ ಮನೆಗೆ ಹೋಗಿ, ಆ ಸೋಮವಾರ ಅಂಗಡಿ ತೆಗೆಯುತ್ತೀರಾ ಎಂದು ಕೇಳಿದೆ. ಒಂದು ಲೋಟ ಒಡೆದಿದ್ದೇನಲ್ಲ, ಎಷ್ಟು ಗಂಟೆಗೆ ತೆಗೆಯಲಿ ಹೇಳು ಎಂದ.